ಸಾಲಿ ಬಿಡುವ ಹುಡುಗರ ಕೈಗೆ ಅಳತೆ ಟೇಪು

ಹುಬ್ಬಳ್ಳಿಯಂಥ ಊರಿನಲ್ಲಿ ಮಕ್ಕಳು ಒಂದೇ ದಿನಕ್ಕೆ ಶಾಲೆ ಬಿಡುವುದಿಲ್ಲ. ಮೊದಲು ಸೋಮವಾರ ತಪ್ಪುತ್ತದೆ. ಆಮೇಲೆ ಬಿಸಿಯೂಟ ಮುಗಿಸಿ ಹಿಂದಿನ ಗೋಡೆ ಹಾರುವುದು ಶುರುವಾಗುತ್ತದೆ. ಲಗ್ನದ ಸೀಸನ್ ಬಂತೆಂದರೆ ಕೇಟರಿಂಗ್ ಕೆಲಸಕ್ಕೆ ಹೋಗಿ ನಡುರಾತ್ರಿ ಮನೆ ಸೇರಿದ ಹುಡುಗ ಮರುದಿನ ಏಳುವುದೇ ಹತ್ತಕ್ಕೆ. ದಸರಾ ರಜೆ ಮುಗಿದು ಎರಡು ವಾರವಾದರೂ ಪತ್ತೆ ಇರುವುದಿಲ್ಲ. ಅಷ್ಟರಲ್ಲಿ ಗೋಕುಲ ರೋಡಿನ ಯಾವುದೋ ಗ್ಯಾರೇಜಿನಲ್ಲಿ ಪಾನಾ ಹಿಡಿದು ಕೂತಿರುತ್ತಾನೆ. ಶಿಕ್ಷಣ ಇಲಾಖೆ ಮಕ್ಕಳ ದಾಖಲೆ ಇಡುವ ‘ಸ್ಯಾಟ್ಸ್’ ತಂತ್ರಾಂಶದಲ್ಲಿ ಮಾತ್ರ ಅವನ ಹೆಸರು ಹಾಗೇ ಇರುತ್ತದೆ.

ಇಂಥ ಮಕ್ಕಳಿಗೆ ನಾವು ಕೊಡುವುದು ಬುದ್ಧಿಮಾತು. ಅದು ಅವರಿಗೆ ಬಾಯಿಪಾಠವಾಗಿರುತ್ತದೆ. ನೀವು ಅರ್ಧ ಹೇಳಿದರೆ ಉಳಿದರ್ಧ ಅವರೇ ಹೇಳುತ್ತಾರೆ. ಅದಕ್ಕಿಂತ ಕೆಲಸಕ್ಕೆ ಬರುವುದು ಎರಡು ಸಂಗತಿ. ಶಾಲೆಗೆ ನಿಜವಾಗಿಯೂ ಬೇಕಾದ ಒಂದು ಕೆಲಸವನ್ನು ಅಳೆದು, ಗೀಚಿ, ಮಾಡಿ ತೋರಿಸುವ ಜವಾಬ್ದಾರಿ ಆ ಹುಡುಗನದಾಗಿರಬೇಕು. ಅವನು ಬರಲಿಲ್ಲವೆಂದರೆ ಅದೇ ದಿನ ‘ಎಲ್ಲಿದ್ದೀಪಾ?’ ಎಂದು ಕೇಳುವ ಒಬ್ಬರು ಇರಬೇಕು. ಶಿಕ್ಷಕರು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರು, ಕಾಲೇಜು ಹುಡುಗರು, ನಿವೃತ್ತರು, ಯಾರು ಬೇಕಾದರೂ ಇದನ್ನು ಶುರು ಮಾಡಬಹುದು. ವಾರಕ್ಕೆ ಎರಡು ತಾಸು ಸಾಕು, ಆದರೆ ಆ ಎರಡು ತಾಸು ತಪ್ಪಬಾರದು.

ಹಾಜರಿಯನ್ನು ಅಡ್ಡಡ್ಡ ಓದಿ

ಹಾಜರಿ ಪುಸ್ತಕವನ್ನು ನಾವು ಸಾಮಾನ್ಯವಾಗಿ ತಿಂಗಳ ಕೊನೆಗೆ ಕೂಡಿಸಿ ಶೇಕಡಾ ಬರೆದು ಮುಚ್ಚುತ್ತೇವೆ. ಶೇಕಡಾ ಏನನ್ನೂ ಹೇಳುವುದಿಲ್ಲ. ಒಬ್ಬೊಬ್ಬರ ಸಾಲಿನ ಮೇಲೆ ಬೆರಳಿಟ್ಟು, ಯಾವ ವಾರ, ಯಾವ ದಿನ ತಪ್ಪಿದೆ ಎಂದು ನೋಡಿ. ಸೋಮವಾರವೇ ತಪ್ಪುವ ಹುಡುಗ ಭಾನುವಾರ ದುಡಿಯಲು ಹೋಗಿರುತ್ತಾನೆ. ಇಂತಿಷ್ಟು ದಿನಕ್ಕೊಮ್ಮೆ ಲೆಕ್ಕವಿಟ್ಟಂತೆ ತಪ್ಪುವ ಹುಡುಗಿಯ ಓಣಿಗೆ ಅಂದು ನೀರು ಬಿಟ್ಟಿರುತ್ತಾರೆ. ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡುಗಳಿಗೆ ದಿನವಿಡೀ ನೀರಿದ್ದರೂ ಬಾಕಿ ಓಣಿಗಳಲ್ಲಿ ನೀರು ಬರುವ ದಿನವೆಂದರೆ ಮನೆಯಲ್ಲಿ ಒಬ್ಬರು ಕೊಡ ಹಿಡಿದು ಕಾಯಲೇಬೇಕು. ಅವ್ವ ಕೆಲಸಕ್ಕೆ ಹೋದರೆ ಆ ಒಬ್ಬರು ಏಳನೆಯ ಇಯತ್ತೆಯ ಮಗಳೇ. ಅವಳಿಗೆ ಓದಿನಲ್ಲಿ ಆಸಕ್ತಿ ಇಲ್ಲ ಎಂದು ಬರೆದರೆ ನಳದ ತಪ್ಪನ್ನು ಅವಳ ತಲೆಗೆ ಕಟ್ಟಿದಂತಾಗುತ್ತದೆ.

ಮಧ್ಯಾಹ್ನದ ಹಾಜರಿಯನ್ನು ಬೇರೆಯಾಗಿ ನೋಡಿ. ಮುಂಜಾನೆ ಇದ್ದು ಮಧ್ಯಾಹ್ನ ಮಾಯವಾಗುವವರ ಕಥೆಯೇ ಬೇರೆ. ಬಹಳ ಸಲ ಅವರಿಗೆ ಪಾಠವನ್ನು ಸರಾಗ ಓದಲು ಬರುವುದಿಲ್ಲ, ಮಧ್ಯಾಹ್ನದ ಪಿರಿಯಡ್ಡಿನಲ್ಲಿ ಎದ್ದು ನಿಲ್ಲಿಸಿ ಓದಿಸುತ್ತಾರೆ ಎಂಬ ಹೆದರಿಕೆ ಇರುತ್ತದೆ.

ಜೂನ್ ತಿಂಗಳ ಇನ್ನೊಂದು ಸೋರಿಕೆಯ ಬಗ್ಗೆಯೂ ಎಚ್ಚರ ಇರಲಿ. 7 ಅಥವಾ 8ನೇ ತರಗತಿ ಮುಗಿಸಿ ಟಿಸಿ ತೆಗೆದುಕೊಂಡು ಹೋದ ಮಕ್ಕಳನ್ನು ಹಳೆ ಶಾಲೆ ‘ಹೋದರು’ ಎಂದು ಬಿಡುತ್ತದೆ, ಹೈಸ್ಕೂಲಿಗೆ ಅವರು ಬಂದೇ ಇರುವುದಿಲ್ಲ. ಟಿಸಿ ಕೊಟ್ಟವರ ಪಟ್ಟಿ ಹಿಡಿದು ಜುಲೈ ಮೊದಲ ವಾರದಲ್ಲಿ ಹೈಸ್ಕೂಲಿಗೆ ಒಂದು ಫೋನ್ ಮಾಡಿದರೆ ಇದು ಅರ್ಧ ದಿನದ ಕೆಲಸ.

ಮನೆಗೆ ಹೋಗುವಾಗ ಬರಿಗೈಲಿ ಹೋಗಿ

ಅಂದರೆ ಉಪದೇಶ ತೆಗೆದುಕೊಂಡು ಹೋಗಬೇಡಿ. ಸಂಜೆ ಏಳರ ಸುಮಾರಿಗೆ, ಕ್ಲಾಸ್ ಟೀಚರ್ ಜೊತೆಗೆ, ಇಬ್ಬರೇ ಹೋಗಿ. ಮೂರು-ನಾಲ್ಕು ಮಂದಿ ಹೋದರೆ ಓಣಿಯೆಲ್ಲ ಬಾಗಿಲಿಗೆ ಬಂದು ನಿಲ್ಲುತ್ತದೆ, ಹುಡುಗನ ಮಾನ ಹೋಗುತ್ತದೆ. ‘ಯಾಕ್ ಸಾಲಿಗೆ ಕಳಸೂದಿಲ್ಲ?’ ಎಂಬ ಪ್ರಶ್ನೆಯಿಂದ ಶುರು ಮಾಡಿದರೆ ಮಾತು ಅಲ್ಲಿಗೇ ಮುಗಿಯುತ್ತದೆ. ‘ಅಕ್ಕಾರ, ಮುಂಜಾನೆ ಮನ್ಯಾಗ ಯಾರ್ ಯಾರ್ ಇರ್ತೀರಿ?’ ಎಂದು ಕೇಳಿ ನೋಡಿ. ಹಳೇ ಹುಬ್ಬಳ್ಳಿ ಕಡೆಯ ಒಂದು ಮನೆಯಲ್ಲಿ ಈ ಪ್ರಶ್ನೆಗೆ ಬಂದ ಉತ್ತರ ಇದು:

‘ನಾ ಏಳಕ್ಕ ಕೆಲಸಕ್ಕ ಹೊಂಡಬೇಕ್ರಿ ಸರ್. ಎಬ್ಬಸಾಕ ಹೋದ್ರ ಹೊಟ್ಟಿ ನೋಯ್ತೈತಿ ಅಂತಾನ. ಆಮ್ಯಾಲೆ ಅಂವ ಸಾಲಿಗೆ ಹೋದ್ನೋ ಬಿಟ್ನೋ ನನಗೇನ್ ಗೊತ್ತಾಗಬೇಕು? ನೀವರ ಒಂದ್ ಫೋನ್ ಮಾಡಿದ್ರ ಗೊತ್ತಾಗತಿತ್ತು.’

ಆ ತಾಯಿಗೆ ಮಗನ ಓದು ಬೇಡವಾಗಿರಲಿಲ್ಲ. ಮಗ ಶಾಲೆಗೆ ಬಂದಿಲ್ಲ ಎಂಬ ಸುದ್ದಿ ಅವಳಿಗೆ ತಲುಪಿಸುವವರು ಇರಲಿಲ್ಲ ಅಷ್ಟೆ. ಮುಂಜಾನೆ ಏಳರ ನಂತರ ಆ ಮನೆಯಲ್ಲಿ ದೊಡ್ಡವರು ಯಾರೂ ಇಲ್ಲ ಎಂಬುದು ಒಂದು ಮಾಹಿತಿ; ಪಕ್ಕದ ಓಣಿಯಿಂದ ಶಾಲೆಗೆ ಬರುವ ಇನ್ನೊಬ್ಬ ಹುಡುಗ ಹೋಗುವಾಗ ಕೂಗಿ ಕರೆದುಕೊಂಡು ಬಂದರೆ ಅರ್ಧ ಸಮಸ್ಯೆ ಮುಗಿಯಿತು. ನೀರಿನ ದಿನ, ತಂಗಿಯನ್ನು ಅಂಗನವಾಡಿಗೆ ಬಿಡುವ ಹೊತ್ತು, ಊದಿನಕಡ್ಡಿ ಹೊಸೆಯುವ ಕೆಲಸ, ಕುಡಿಯುವ ಅಪ್ಪ, ಹುಡುಗಿಯಾದರೆ ಶಾಲೆಯ ಪಾಯಖಾನೆಯ ಚಿಲಕ: ಕಾರಣಗಳು ಇಷ್ಟು ಸಣ್ಣವಾಗಿಯೂ ಇರುತ್ತವೆ, ಇಷ್ಟು ದೊಡ್ಡವಾಗಿಯೂ ಇರುತ್ತವೆ. ಸಣ್ಣವನ್ನು ನೀವು ಸರಿ ಮಾಡಬಹುದು. ದೊಡ್ಡವನ್ನು ಬರೆದಿಟ್ಟುಕೊಂಡು ಮುಖ್ಯೋಪಾಧ್ಯಾಯರಿಗೆ ಹೇಳಿ.

ಏಳುವ ಮುಂಚೆ ಹುಡುಗನಿಗೆ ಒಂದೇ ಮಾತು: ‘ಶನಿವಾರ ಟೇಪ್ ಹಿಡಿಯಾಕ ಒಬ್ರು ಬೇಕಾಗ್ಯಾರ. ಬರ್ತೀಯೇನು?’

ಒಪ್ಪಿಗೆ ಮತ್ತು ಗುಂಪು

ಮುಖ್ಯೋಪಾಧ್ಯಾಯರ ಒಪ್ಪಿಗೆ, ಎಸ್‌ಡಿಎಂಸಿ ಸಭೆಯ ಠರಾವು, ಹೊರಗಿನವರು ಬರುವುದಾದರೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ ಒಂದು ಪತ್ರ, ಪಾಲಕರ ಸಹಿ. ಇದಿಷ್ಟು ಕಾಗದ ಮೊದಲೇ ಆಗಲಿ. ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಯನ್ನು (ಸಿಆರ್‌ಪಿ) ಮೊದಲ ದಿನವೇ ಕರೆದರೆ ಮುಂದೆ ಕೆಲಸ ಹಗುರ. ಶನಿವಾರ ಮುಂಜಾನೆಯ ಶಾಲೆ ಬಿಟ್ಟ ಮೇಲಿನ ಎರಡು ತಾಸು ಸರಿಯಾದ ಹೊತ್ತು.

ಹತ್ತು-ಹನ್ನೆರಡು ಮಕ್ಕಳ ಗುಂಪು ಸಾಕು. ಅದರಲ್ಲಿ ಜಾರುತ್ತಿರುವವರು ಅರ್ಧ, ದಿನಾ ಬರುವವರು ಅರ್ಧ ಇರಲಿ. ‘ಹಿಂದುಳಿದವರ ಗುಂಪು’ ಎಂದು ಗುಸುಗುಸು ಎದ್ದಿತೋ, ಮುಂದಿನ ಶನಿವಾರ ಯಾರೂ ಬರುವುದಿಲ್ಲ.

ಯಾವ ಕೆಲಸ?

ಶಾಲೆಯ ಆವರಣದೊಳಗಿನದು, ದಿನವೂ ಎಲ್ಲರ ಕಣ್ಣಿಗೆ ಬೀಳುವಂಥದು, ಆರು ಶನಿವಾರದಲ್ಲಿ ಮುಗಿಯುವಂಥದು, ಹೆಚ್ಚು ದುಡ್ಡು ಬೇಡದ್ದು. ಮಕ್ಕಳಿಗೆ ಒಂದೊಂದು ಸುಣ್ಣದ ಕಡ್ಡಿ ಕೊಟ್ಟು ‘ನಿಮಗೆ ಸಿಟ್ಟು ಬರೋ ಜಾಗದಾಗ ಒಂದ್ ಗುಣಾಕಾರ ಚಿಹ್ನೆ ಹಾಕ್ರಿ’ ಎಂದು ಬಿಟ್ಟುಬಿಡಿ. ಹತ್ತು ನಿಮಿಷದಲ್ಲಿ ಶಾಲೆಯ ನಕಾಶೆ ನಿಮ್ಮ ಮುಂದೆ ಇರುತ್ತದೆ. ಚಿಹ್ನೆಗಳು ಗುಂಪುಗೂಡುವುದು ಬಹುತೇಕ ನಾಲ್ಕೇ ಕಡೆ: ಪಾಯಖಾನೆಯ ದಾರಿ, ಸೈಕಲ್ ನಿಲ್ಲಿಸುವ ಜಾಗ, ಬೀಗ ಹಾಕಿದ ಪುಸ್ತಕದ ಕಪಾಟು, ತಾಟು ತೊಳೆಯುವ ನಳ.

ವಿಜ್ಞಾನ ಮಾದರಿ, ಜ್ವಾಲಾಮುಖಿ, ಪರಿಸರ ದಿನದ ಚಾರ್ಟು ಬೇಡವೇ ಬೇಡ. ಅವು ಪ್ರದರ್ಶನದ ಮರುದಿನ ಮೂಲೆ ಸೇರುತ್ತವೆ, ಹುಡುಗನಿಗೂ ಅದು ಗೊತ್ತು. ಅಟಲ್ ಟಿಂಕರಿಂಗ್ ಲ್ಯಾಬ್ ಇರುವ ಶಾಲೆಯಾದರೆ ಅಲ್ಲಿನ ಸಲಕರಣೆ ಬಳಸಿ, ಇಲ್ಲದಿದ್ದರೆ ಕೊರತೆಯೇನಿಲ್ಲ.

ಒಂದು ಉದಾಹರಣೆ: ತಾಟು ತೊಳೆಯುವ ಜಾಗ

ಹುಬ್ಬಳ್ಳಿ-ಧಾರವಾಡದ ಎಷ್ಟೋ ಶಾಲೆಗಳಿಗೆ ಊಟ ರಾಯಾಪುರದ ಅಕ್ಷಯ ಪಾತ್ರ ಅಡುಗೆಮನೆಯಿಂದ ಡಬ್ಬಿಗಳಲ್ಲಿ ಬರುತ್ತದೆ. ಊಟ ಬಡಿಸುವುದು ಬೇಗ ಮುಗಿಯುತ್ತದೆ. ತಡವಾಗುವುದು ತಾಟು ತೊಳೆಯುವಲ್ಲಿ. ನೂಕಾಟ, ಕೆಸರು, ಮೋರಿಯಲ್ಲಿ ಕಟ್ಟಿಕೊಂಡ ಅನ್ನ. ಆ ಗದ್ದಲದಲ್ಲೇ ಗೋಡೆ ಹಾರುವವರು ಹಾರುವುದು.

ಮೊದಲ ಶನಿವಾರಕ್ಕೆ ಮುಂಚೆ, ವಾರದ ನಡುವೆ ಒಂದು ದಿನ, ಮಕ್ಕಳು ಅಲ್ಲಿ ನಿಂತು ಬರೀ ನೋಡಬೇಕು. ಒಬ್ಬ ತಲೆ ಎಣಿಸಲಿ, ಒಬ್ಬ ಮೊಬೈಲಿನ ಸ್ಟಾಪ್‌ವಾಚ್ ಹಿಡಿಯಲಿ, ಒಬ್ಬಳು ಎಲ್ಲಿ ನೂಕಾಟ ಆಗುತ್ತದೆ ಎಂದು ಚಿತ್ರ ಬರೆಯಲಿ. 180 ಮಕ್ಕಳು, 4 ನಳ, ಒಂದು ತಾಟಿಗೆ 40 ಸೆಕೆಂಡು ಎಂದಿಟ್ಟುಕೊಳ್ಳಿ. ಒಂದು ನಳಕ್ಕೆ 45 ಮಕ್ಕಳು, 45 ಗುಣಿಲೆ 40 ಅಂದರೆ 1800 ಸೆಕೆಂಡು, ಬರೋಬ್ಬರಿ ಅರ್ಧ ತಾಸು. ಈ ಲೆಕ್ಕವನ್ನು ಬೋರ್ಡಿನ ಮೇಲೆ ಕೊಟ್ಟಿದ್ದರೆ ಆಕಳಿಸುತ್ತಿದ್ದ ಹುಡುಗ, ತಾನೇ ನಿಂತು ಎಣಿಸಿದ್ದಾದ್ದರಿಂದ ‘ಅದಕ್ಕರಿ ಸರ್ ಮಧ್ಯಾಹ್ನದ ಮೊದಲನೇ ಪಿರಿಯಡ್ ತಪ್ಪೂದು!’ ಎನ್ನುತ್ತಾನೆ.

ಮೊದಲ ಶನಿವಾರ ಎಲ್ಲರೂ ಹೇಳುವ ಪರಿಹಾರ ಒಂದೇ: ಇನ್ನೂ ನಾಲ್ಕು ನಳ ಹಾಕಿಸಿ. ಬೇಡ ಎನ್ನಬೇಡಿ. ‘ದುಡ್ಡಿಲ್ಲದೆ ಏನು ಮಾಡಬಹುದು?’ ಎಂದು ಮಾತ್ರ ಕೇಳಿ. 40 ಸೆಕೆಂಡಿನಲ್ಲಿ ಏನೇನು ನಡೆಯುತ್ತದೆ ಎಂದು ಬಿಡಿಸಿ ನೋಡಿದರೆ, ಅದರಲ್ಲಿ ದೊಡ್ಡ ಪಾಲು ತಾಟಿಗೆ ಅಂಟಿದ ಅನ್ನ ಬಳಿಯುವುದಕ್ಕೇ ಹೋಗುತ್ತದೆ. ಸಾಲಿನ ಮುಂಚೆಯೇ ಒಂದು ಬಕೆಟ್ ಇಟ್ಟು ಅಲ್ಲಿ ಬಳಿದು ಬಂದರೆ? ನಳದ ಹೊತ್ತು 25 ಸೆಕೆಂಡಿಗೆ ಇಳಿದರೆ 45 ಗುಣಿಲೆ 25, 1125 ಸೆಕೆಂಡು. ಹತ್ತೊಂಬತ್ತು ನಿಮಿಷಕ್ಕೂ ಕಡಿಮೆ. ಹನ್ನೊಂದು ನಿಮಿಷ ಉಳಿಯಿತು, ಒಂದು ಬಕೆಟಿನ ಖರ್ಚಿನಲ್ಲಿ.

ಎರಡನೇ ವಾರ ಅಳತೆ. ಕಟ್ಟೆಯ ಎತ್ತರ, ನಳದ ಎತ್ತರ, ಒಂದನೇ ಇಯತ್ತೆಯ ಮಗುವಿನ ಮೊಣಕೈ ಎತ್ತರ, ಹತ್ತನೆಯ ಹುಡುಗನ ಮೊಣಕೈ ಎತ್ತರ. ಮೂರನೇ ವಾರ ರಟ್ಟಿನ ಮಾದರಿ: ಒಂದು ಮೀಟರಿಗೆ 10 ಸೆಂಟಿಮೀಟರು. ಪ್ರಮಾಣ ಎಂಬ ಪಾಠ ಇಲ್ಲಿ ಕತ್ತರಿಯ ಕೆಳಗೆ ಬರುತ್ತದೆ. ನಾಲ್ಕನೇ ವಾರ ಅದೇ ಮಾದರಿಯನ್ನು ಅಂಗಳದಲ್ಲಿ ರಂಗೋಲಿ ಪುಡಿಯಿಂದ ನಿಜವಾದ ಅಳತೆಯಲ್ಲಿ ಬರೆದು, ಖಾಲಿ ತಾಟು ಹಿಡಿದು ನಡೆದು ನೋಡಬೇಕು. ರಟ್ಟಿನಲ್ಲಿ ಚೆಂದ ಕಂಡದ್ದು ಇಲ್ಲಿ ಢಿಕ್ಕಿ ಹೊಡೆಯುತ್ತದೆ. ಬರುವವರ ದಾರಿ, ಹೋಗುವವರ ದಾರಿ ಒಂದೇ ಆಗಿರುತ್ತದೆ. ಅಳಿಸಿ ಮತ್ತೆ ಬರೆಯುವುದು. ಈ ವಾರವೇ ಇಡೀ ಕಾರ್ಯಕ್ರಮದ ಜೀವ. ತಪ್ಪಾದರೆ ಅಂಕ ಹೋಗುವುದಿಲ್ಲ, ರಂಗೋಲಿ ಪುಡಿ ಹೋಗುತ್ತದೆ ಅಷ್ಟೆ. ಇಂಥ ತಪ್ಪು ಮಾಡುವ ಸವಲತ್ತು ಆ ಮಕ್ಕಳಿಗೆ ಶಾಲೆಯಲ್ಲಿ ಬೇರೆಲ್ಲೂ ಸಿಕ್ಕಿರುವುದಿಲ್ಲ.

ಐದನೇ ವಾರ ಓಣಿಯ ಗೌಂಡಿ ಒಬ್ಬರನ್ನು ಕರೆಸಿ. ಇಳಿಜಾರು ಎಷ್ಟು ಕೊಟ್ಟರೆ ನೀರು ನಿಲ್ಲುವುದಿಲ್ಲ ಎಂಬುದನ್ನು ಅವರು ನೀರು ತುಂಬಿದ ಪಾರದರ್ಶಕ ಪೈಪು ಹಿಡಿದು ತೋರಿಸುತ್ತಾರೆ. ಎರಡೂ ತುದಿಯಲ್ಲಿ ನೀರು ಒಂದೇ ಮಟ್ಟಕ್ಕೆ ಯಾಕೆ ನಿಲ್ಲುತ್ತದೆ ಎಂದು ಕೇಳುವುದು ವಿಜ್ಞಾನ ಶಿಕ್ಷಕರ ಸರದಿ. ಆ ಗುಂಪಿನಲ್ಲಿ ಗೌಂಡಿಯ ಮಗನೇ ಇದ್ದರೆ ಅಂದಿನ ಅವನ ಮುಖ ನೋಡಬೇಕು. ಆರನೇ ವಾರ ಎಸ್‌ಡಿಎಂಸಿ ಮುಂದೆ ಮಕ್ಕಳೇ ನಿಂತು, ಮಾದರಿ ತೋರಿಸಿ, ಖರ್ಚಿನ ಪಟ್ಟಿ ಓದಿ ಹೇಳಬೇಕು. ನಡುವೆ ಬಾಯಿ ಹಾಕುವ ಆಸೆ ದೊಡ್ಡವರಿಗೆ ಬಹಳ ಇರುತ್ತದೆ, ತಡೆದುಕೊಳ್ಳಿ. ಮಾಡಲು ಆಗುವುದನ್ನು ಎಸ್‌ಡಿಎಂಸಿ ಹದಿನೈದು ದಿನದೊಳಗೆ ಮಾಡಿಯೇ ತೀರಬೇಕು, ಅದು ಬಕೆಟ್ ಮತ್ತು ಬಾಣದ ಗುರುತು ಮಾತ್ರವೇ ಆದರೂ. ‘ನೋಡೋಣ’ ಎಂದು ಬಿಟ್ಟರೆ ಆ ಮಕ್ಕಳನ್ನು ಎರಡನೇ ಸಲ ಕರೆಯಲು ನಿಮಗೆ ಮುಖ ಇರುವುದಿಲ್ಲ.

ಓದಲು ಬಾರದವರ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಅವರನ್ನು ಬೇರೆ ಕೂರಿಸಿ ಅಕ್ಷರ ತಿದ್ದಿಸಬೇಡಿ. ಮಾದರಿಗೆ ಚೀಟಿ ಅಂಟಿಸುವುದು, ಸಾಮಾನಿನ ಪಟ್ಟಿ ಬರೆಯುವುದು, ಅಂಗಡಿಯ ಬಿಲ್ಲು ಓದುವುದು ಅವರ ಪಾಲಿಗಿರಲಿ. ಹೈಸ್ಕೂಲಿನ ಹುಡುಗ ಮೂರನೇ ಇಯತ್ತೆಯ ಪುಸ್ತಕ ಹಿಡಿಯಲು ನಾಚುತ್ತಾನೆ, ಬಿಲ್ಲು ಹಿಡಿಯಲು ನಾಚುವುದಿಲ್ಲ.

ಎರಡನೇ ಸುತ್ತಿಗೆ ಊರಿನಲ್ಲೇ ಒಳ್ಳೆಯ ಸರಕಿದೆ. ಬೆಂಗೇರಿಯಲ್ಲಿರುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ರಾಷ್ಟ್ರಧ್ವಜ ತಯಾರಾಗುತ್ತದೆ. ಮುಂಚೆ ಅನುಮತಿ ಕೇಳಿ ಕರೆದುಕೊಂಡು ಹೋಗಿ. ಉದ್ದ-ಅಗಲ 3:2, ಚಕ್ರಕ್ಕೆ 24 ಅರೆಗಳು, ಅಂದರೆ ಎರಡು ಅರೆಗಳ ನಡುವೆ 15 ಡಿಗ್ರಿ. ಧ್ವಜ ಸಂಹಿತೆಯ ಒಂಬತ್ತು ಅಳತೆಗಳಲ್ಲಿ ದೊಡ್ಡದು 6300 ಗುಣಿಲೆ 4200 ಮಿಲಿಮೀಟರು, ಸಣ್ಣದು 150 ಗುಣಿಲೆ 100. ಅಳತೆ ಸ್ವಲ್ಪ ಹೆಚ್ಚುಕಡಿಮೆಯಾದರೂ ನಡೆಯುತ್ತದೆ ಎನ್ನುವ ಹುಡುಗರಿಗೆ ನಡೆಯುವುದಿಲ್ಲ ಎಂದು ಹೇಳಬೇಕಾಗುವುದಿಲ್ಲ, ಅಲ್ಲಿ ಹೊಲಿಯುವ ಹೆಣ್ಣುಮಕ್ಕಳ ಕೈ ನೋಡಿದರೆ ಸಾಕು. ಧಾರವಾಡ ಕಡೆಯ ಶಾಲೆಯಾದರೆ ಕಸೂತಿ; ಅದರ ಹೊಲಿಗೆಗಳು ಗವಂತಿ, ಮುರ್ಗಿ, ನೇಯ್ಗೆ, ಮೆಂತೆ. ಎಳೆ ಎಣಿಸಿ ಹಾಕುವ ಹೊಲಿಗೆ, ಗಂಟು ಹಾಕುವ ಹಾಗಿಲ್ಲ. ಗ್ರಾಫ್ ಕಾಗದದ ಮೇಲೆ ಗೋಪುರ ಬಿಡಿಸಿದ ಹುಡುಗಿಗೆ ಸಮ್ಮಿತಿಯ ಪಾಠ ಹೊಸದಲ್ಲ. ಇದನ್ನು ಹುಡುಗಿಯರಿಗೆ ಮಾತ್ರ ಕೊಡಬೇಡಿ.

ಶನಿವಾರದ ಅಣ್ಣ, ಶನಿವಾರದ ಅಕ್ಕ

ಮೂರು ಮಕ್ಕಳಿಗೆ ಒಬ್ಬರು ಮಾರ್ಗದರ್ಶಕರು. ಇಂಜಿನಿಯರಿಂಗ್, ಆರ್ಕಿಟೆಕ್ಚರ್ ಕಾಲೇಜಿನ ಹುಡುಗ-ಹುಡುಗಿಯರು ಊರ ತುಂಬ ಇದ್ದಾರೆ, ಉತ್ಸಾಹವೂ ಇದೆ. ಆದರೆ ಕಾಲೇಜಿನ ಇಂಟರ್ನಲ್ಸ್ ಪರೀಕ್ಷೆ ಬಂದ ವಾರ ಅವರು ಕಾಣೆ. ಹಾಗಾಗಿ ಅವರ ಜೊತೆಗೆ ಊರಲ್ಲೇ ನೆಲೆ ನಿಂತವರನ್ನು ಸೇರಿಸಿ: ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತರಾದ ಫಿಟ್ಟರ್, ಟೇಲರ್ ಅಂಗಡಿಯ ಅಕ್ಕ, ಬಡಿಗೇರ ಕಾಕಾ. ನನ್ನ ಅಭಿಪ್ರಾಯ ಕೇಳಿದರೆ, ಇಂಗ್ಲಿಷ್ ಮಾತಾಡುವ ನಾಲ್ವರಿಗಿಂತ ಒಬ್ಬ ಫಿಟ್ಟರ್ ಮೇಲು. ತಾನೂ ಹತ್ತನೇ ಇಯತ್ತೆಯಲ್ಲಿ ಡುಮ್ಕಿ ಹೊಡೆದು ಮತ್ತೆ ಕಟ್ಟಿ ಪಾಸಾದೆ ಎಂದು ಹೇಳುವ ಮನುಷ್ಯನ ಮಾತು ಹುಡುಗನ ಕಿವಿಗೆ ಬೀಳುತ್ತದೆ.

ಮಾರ್ಗದರ್ಶಕರಿಗೆ ಮೊದಲೇ ಹೇಳಬೇಕಾದ್ದು ಕೆಲವು ಇವೆ. ಅವರ ಕೆಲಸ ಪಾಠ ಮಾಡುವುದಲ್ಲ, ಜೊತೆಗೆ ಕೂತು ಕೆಲಸ ಮಾಡುವುದು. ಪ್ರತಿ ಮಗುವಿನ ಬಗ್ಗೆ ವಾರಕ್ಕೆ ಎರಡು ಸಾಲು ಬರೆದಿಡಬೇಕು: ಏನು ಮಾಡಿದ, ಏನು ಹೇಳಿದ. ಒಬ್ಬರೇ ಮಗುವಿನ ಜೊತೆ ಮುಚ್ಚಿದ ಕೋಣೆಯಲ್ಲಿ ಕೂರಬಾರದು, ಯಾವಾಗಲೂ ಇನ್ನೊಬ್ಬರ ಕಣ್ಣಳತೆಯಲ್ಲಿರಬೇಕು. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೊ ಕಾಯ್ದೆ 2012ರಿಂದ ಇದೆ, ಅದರ ಬಗ್ಗೆ ಮೊದಲ ದಿನವೇ ಅರ್ಧ ತಾಸು ಮಾತಾಡಿ. ಫೋನ್ ಪಾಲಕರ ನಂಬರಿಗೆ ಮಾತ್ರ. ದುಡ್ಡು ಕೊಡಬಾರದು, ಮೊಬೈಲ್ ಕೊಡಿಸುತ್ತೇನೆ ಎನ್ನಬಾರದು, ಮಕ್ಕಳ ಫೋಟೋ ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಬಾರದು. ಮಗು ಮನೆಯ ಹೊಡೆತ-ಬಡಿತ ಹೇಳಿಕೊಂಡರೆ ‘ಯಾರಿಗೂ ಹೇಳೂದಿಲ್ಲ’ ಎಂದು ಮಾತು ಕೊಡಬಾರದು. 1098 ಮಕ್ಕಳ ಸಹಾಯವಾಣಿ ಅದಕ್ಕೇ ಇರುವುದು.

ಒಂದು ವರ್ಷ ಬರುತ್ತೇನೆಂದು ಹೇಳಿ ಎರಡು ತಿಂಗಳಿಗೆ ಮಾಯವಾಗುವವರಿಗಿಂತ ‘ಆರು ಶನಿವಾರ ಬರ್ತೀನಿ’ ಎಂದು ಆರೂ ಶನಿವಾರ ಬಂದು ಹೇಳಿ ಹೋಗುವವರು ಬೇಕು. ಈ ಮಕ್ಕಳು ಹೇಳದೆ ಹೋದವರನ್ನು ಮೊದಲೇ ಸಾಕಷ್ಟು ನೋಡಿರುತ್ತಾರೆ.

ಬರಲಿಲ್ಲ ಎಂದರೆ

ಮೊದಲ ದಿನ ಹನ್ನೊಂದು ಗಂಟೆಯೊಳಗೆ ಮನೆಗೆ ಫೋನ್. ಮೂರನೇ ದಿನ ಗುಂಪಿನ ಇಬ್ಬರು ಮಕ್ಕಳು ಮನೆ ಕಡೆ ಹೋಗಿ ‘ಶನಿವಾರ ನಿನ್ನ ರಟ್ಟು ಹಂಗ ಬಿದ್ದೈತಿ’ ಎಂದು ಹೇಳಿ ಬರಲಿ. ಮಾಸ್ತರರು ಹೋಗುವುದಕ್ಕಿಂತ ಇದು ಚುರುಕು. ಆಗಲೂ ಬಾರದಿದ್ದರೆ ಒಂದು ವಾರದೊಳಗೆ ಕ್ಲಾಸ್ ಟೀಚರ್ ಮತ್ತು ಮಾರ್ಗದರ್ಶಕರು ಮನೆಗೆ. ಅಮರಗೋಳದ ಎಪಿಎಂಸಿಯಲ್ಲೋ ತಾರಿಹಾಳದ ಶೆಡ್ಡಿನಲ್ಲೋ ಕೆಲಸಕ್ಕಿದ್ದಾನೆಂದು ತಿಳಿದರೆ ವಯಸ್ಸು ನೋಡಿ. ಬಾಲಕಾರ್ಮಿಕ ಕಾಯ್ದೆಗೆ ಆದ 2016ರ ತಿದ್ದುಪಡಿಯ ನಂತರ 14 ವರ್ಷದೊಳಗಿನವರನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ, ಶಾಲೆ ಬಿಟ್ಟ ಹೊತ್ತಿನಲ್ಲಿ ಅಪಾಯವಿಲ್ಲದ ಸ್ವಂತ ಮನೆತನದ ಕಸುಬಿಗೆ ಕೈಜೋಡಿಸುವುದಕ್ಕೆ ಮತ್ತು ಷರತ್ತಿನ ಮೇಲೆ ಬಾಲ ಕಲಾವಿದರಿಗೆ ಮಾತ್ರ ವಿನಾಯಿತಿ. 14ರಿಂದ 18ರವರನ್ನು ಅಪಾಯದ ಕೆಲಸಕ್ಕೆ ಹಚ್ಚುವಂತಿಲ್ಲ. ಮಾಲೀಕರಿಗೆ ಇದನ್ನು ಮೊದಲು ಸಮಾಧಾನದಿಂದ ಹೇಳಿ. ಕೇಳದಿದ್ದರೆ ದೂರು ಕೊಡಲು ಹಿಂಜರಿಯಬೇಡಿ.

ಮನೆ ಬದಲಿಸಿದ ಕುಟುಂಬಗಳಿಗೆ ಒಂದು ಮಾತು ತಪ್ಪದೆ ತಿಳಿಸಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 8ನೇ ತರಗತಿವರೆಗೆ ಟಿಸಿ ತಡವಾಯಿತೆಂದೋ ವಯಸ್ಸಿನ ದಾಖಲೆ ಇಲ್ಲವೆಂದೋ ಪ್ರವೇಶ ನಿರಾಕರಿಸುವಂತಿಲ್ಲ, ನಡುವೆ ಬಿಟ್ಟ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಂಡು ವಿಶೇಷ ತರಬೇತಿ ಕೊಡಬೇಕು. ‘ಮುಂದಿನ ವರ್ಷ ಬರ್ರಿ’ ಎಂಬ ಮಾತು ಕೇಳಿ ವಾಪಸ್ ಬಂದವರು ಈ ಊರಿನಲ್ಲಿ ಕಡಿಮೆಯಿಲ್ಲ. ಮನೆಯಲ್ಲಿ ಇರಲು ಸಾಧ್ಯವೇ ಇಲ್ಲದ ಮಕ್ಕಳಿಗೆ ಹಿಂದುಳಿದ ವರ್ಗಗಳ (ಬಿಸಿಎಂ) ಮತ್ತು ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್, ಹುಡುಗಿಯರಿಗೆ ಕಸ್ತೂರಬಾ ವಸತಿ ವಿದ್ಯಾಲಯ; ಅರ್ಜಿ ಹಾಕುವ ದಿನ ಮಾರ್ಗದರ್ಶಕರು ಜೊತೆಗಿದ್ದರೆ ಅರ್ಧ ದಾರಿ ಸವೆದಂತೆ.

ಹತ್ತನೆಯ ಇಯತ್ತೆಯವರಿಗೆ

ಅವರನ್ನು ಹೊಸ ಕೆಲಸಕ್ಕೆ ಎಳೆಯಬೇಡಿ, ಅವರು ಎಂಟನೆಯವರಿಗೆ ಅಳತೆ ಹೇಳಿಕೊಡಲಿ. ಹಾಜರಿ ಶೇಕಡಾ 75ರ ಕೆಳಗೆ ಬೀಳದಂತೆ ನವೆಂಬರಿನಲ್ಲೇ ಲೆಕ್ಕ ಹಾಕಿ ತೋರಿಸಿ. ಫೆಬ್ರವರಿಯಲ್ಲಿ ತೋರಿಸಿದರೆ ಏನೂ ಮಾಡಲಾಗದು. 2023-24ರಿಂದ ಎಸ್ಸೆಸ್ಸೆಲ್ಸಿಗೆ ಪರೀಕ್ಷೆ-1, ಪರೀಕ್ಷೆ-2 ಎಂದು ಒಂದಕ್ಕಿಂತ ಹೆಚ್ಚು ಅವಕಾಶಗಳಿವೆ. ಫಲಿತಾಂಶ ಬಂದ ದಿನ ಫೇಲಾದ ಹುಡುಗ ಮನೆಯಲ್ಲಿ ಮುಖ ಮುಚ್ಚಿ ಮಲಗಿರುತ್ತಾನೆ, ಮೂರನೇ ದಿನಕ್ಕೆ ಕೆಲಸ ಹುಡುಕಿಕೊಂಡಿರುತ್ತಾನೆ. ಆ ಮೂರು ದಿನದೊಳಗೆ ಶನಿವಾರದ ಅಣ್ಣ ಹೋಗಿ ಪರೀಕ್ಷೆ-2ರ ಅರ್ಜಿ ತುಂಬಿಸಬೇಕು. ಐಟಿಐನ ವೆಲ್ಡರ್‌ನಂಥ ಕೆಲವು ಟ್ರೇಡುಗಳಿಗೆ 8ನೇ ತರಗತಿ ಪಾಸಾಗಿದ್ದರೂ ಸಾಕು ಎಂಬುದು ನಿಜ, ಆದರೆ ಅದನ್ನು ಮೊದಲೇ ಹೇಳಿ ಹತ್ತನೆಯದನ್ನು ಕೈಬಿಡಿಸಬೇಡಿ. ಎಸ್ಸೆಸ್ಸೆಲ್ಸಿ ಕೈಯಲ್ಲಿದ್ದರೆ ಗೋಕುಲ ರೋಡಿನ ಜಿಟಿಟಿಸಿಯ (ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ) ಡಿಪ್ಲೊಮಾಕ್ಕೂ ಅರ್ಜಿ ಹಾಕಬಹುದು.

ಸಾಮಾನು, ಹೊತ್ತು

30 ಮೀಟರಿನ ಒಂದು ಟೇಪು, 5 ಮೀಟರಿನವು ಮೂರು. ಕಿರಾಣಿ ಅಂಗಡಿಯಿಂದ ಬೇಡಿ ತಂದ ರಟ್ಟಿನ ಡಬ್ಬಿ, ಕತ್ತರಿ, ಅಂಟು, ಗ್ರಾಫ್ ಕಾಗದ, ಸುಣ್ಣದ ಕಡ್ಡಿ, ರಂಗೋಲಿ ಪುಡಿ, ಸುತಳಿ. ಬ್ಲೇಡು ದೊಡ್ಡವರ ಕೈಯಲ್ಲೇ ಇರಲಿ. ಜೊತೆಗೆ ಚುರುಮರಿ-ಶೇಂಗಾದ ವ್ಯವಸ್ಥೆ ಮಾಡಿ; ಶನಿವಾರ ಮಧ್ಯಾಹ್ನ ಹಸಿದ ಹುಡುಗ ಅಳತೆ ಹಿಡಿಯುವುದಿಲ್ಲ. ಪೆಟ್ಟಿಗೆಯ ಕೀಲಿಯನ್ನು ವಾರಕ್ಕೊಬ್ಬರಂತೆ ಮಕ್ಕಳ ಕೈಗೇ ಕೊಡಿ, ಅದರಲ್ಲೂ ಸೋಮವಾರ ತಪ್ಪಿಸುವವನ ಕೈಗೆ ಮೊದಲು. ಕೀಲಿ ಸೋಮವಾರ ಮುಂಜಾನೆ ಆಫೀಸಿಗೆ ಒಪ್ಪಿಸಬೇಕೆಂಬ ಕರಾರಿನ ಮೇಲೆ.

ಮೊದಲ ಸುತ್ತು ಜೂನ್ ಕೊನೆಯ ಶನಿವಾರ ಶುರುವಾದರೆ ಗಣೇಶ ಚೌತಿಯ ಗದ್ದಲಕ್ಕೆ ಮುಂಚೆ ಮುಗಿಯುತ್ತದೆ. ಎರಡನೇ ಸುತ್ತಿನ ಮೊದಲ ಸಭೆಯನ್ನು ದಸರಾ ರಜೆ ಮುಗಿದ ಮೊದಲ ದಿನವೇ ಇಡಿ, ಶನಿವಾರದವರೆಗೆ ಕಾಯಬೇಡಿ. ಲೆಕ್ಕ ಇಡುವುದಾದರೆ ಅಂಕಗಳದ್ದು ಬೇಡ, ಅದೇ ಹುಡುಗನ ಜುಲೈ ಸೋಮವಾರಗಳನ್ನೂ ನವೆಂಬರ್ ಸೋಮವಾರಗಳನ್ನೂ ಪಕ್ಕಪಕ್ಕ ಬರೆಯಿರಿ.